ಗೆದ್ದವರು ಯಾರು? ಮೆನೊಟ್ಟಿ ಬಿಟ್ಟುಹೋದ ಪ್ರಶ್ನೆ

1978ರ ಜೂನ್ 25ರ ರಾತ್ರಿ. ಅರ್ಜೆಂಟೀನಾ ಮೊದಲ ಬಾರಿಗೆ ಫುಟ್ಬಾಲ್ ವಿಶ್ವಕಪ್ ಗೆದ್ದಿತ್ತು. ಬ್ಯೂನಸ್ ಐರಿಸ್ ನಗರದ ಬೀದಿಗಳಲ್ಲಿ ಕಾಲಿಡಲು ಜಾಗವಿರಲಿಲ್ಲ. ಆ ಜನಜಂಗುಳಿಯ ನಡುವೆ ಒಂದು ಪಜೋ ಕಾರು ನಿಧಾನವಾಗಿ ಸಾಗುತ್ತಿತ್ತು. ಒಳಗಿದ್ದವರು ನೌಕಾಪಡೆಯ ಅಧಿಕಾರಿಗಳು ಮತ್ತು ಅವರು ಗುಟ್ಟಾಗಿ ಬಂಧಿಸಿಟ್ಟಿದ್ದ ಕೈದಿಗಳು. ಸಂಭ್ರಮ ನೋಡಲಿ ಎಂದು ಅಧಿಕಾರಿಗಳೇ ಕೈದಿಗಳನ್ನು ಹೊರಗೆ ಕರೆತಂದಿದ್ದರು. ಕಾರಿನ ಮೇಲ್ಛಾವಣಿ ತೆರೆಯಬಹುದೇ ಎಂದು ಒಬ್ಬ ಮಹಿಳೆ ಕೇಳಿದಳು. ಎದ್ದು ನಿಂತು ತಲೆ ಹೊರಗೆ ಹಾಕಿ ನೋಡಿದಳು. ಕಣ್ಣು ಹಾಯುವಷ್ಟು ದೂರ ಹಾಡುವ, ಕುಣಿಯುವ, ಅಪ್ಪಿಕೊಳ್ಳುವ ಜನ. ‘ನಾನು ಕಾಣೆಯಾದವಳು’ ಎಂದು ಈಗ ಕಿರುಚಿದರೂ ಒಬ್ಬರೂ ತಿರುಗಿ ನೋಡಲಾರರು ಎಂದು ಆಕೆಗೆ ಹೊಳೆಯಿತು. ಆಕೆ ಅತ್ತಳು.

ಅದಕ್ಕೂ ಸ್ವಲ್ಪ ಹೊತ್ತಿನ ಮೊದಲು, ಅದೇ ಸಂಜೆ, ಬಂಧನದ ಕೋಣೆಗೆ ಒಬ್ಬ ಅಧಿಕಾರಿ ‘ಗೆದ್ದೆವು, ಗೆದ್ದೆವು’ ಎನ್ನುತ್ತ ಬಂದಿದ್ದ. ತಾನೇ ಹಿಂಸಿಸಿದವರ ಕೈ ಕುಲುಕಿ, ಅವರನ್ನು ಅಪ್ಪಿಕೊಂಡಿದ್ದ. ಇವರು ಗೆದ್ದಿದ್ದಾರೆಂದರೆ ನಾವು ಸೋತಿದ್ದೇವೆ ಎಂದು ಆ ಮಹಿಳೆಗೆ ಅನ್ನಿಸಿತು. ಮುಂದೆ ಆಕೆ ಬದುಕುಳಿದಳು. ನ್ಯಾಯಾಲಯದ ಮುಂದೆ ಸಾಕ್ಷಿ ನುಡಿದಳು. ಇದೆಲ್ಲ ನಮಗೆ ತಿಳಿದದ್ದು ಅಂತಹ ಸಾಕ್ಷಿಗಳ ಮೂಲಕ.

ಆ ವಿಶ್ವಕಪ್ಪನ್ನು ಗೆದ್ದುಕೊಟ್ಟ ತಂಡದ ತರಬೇತುದಾರ ಸೆಸಾರ್ ಲೂಯಿಸ್ ಮೆನೊಟ್ಟಿ. ತೆಳ್ಳಗಿನ ಎತ್ತರದ ಆಳು, ಭುಜದವರೆಗೆ ಇಳಿದ ಕೂದಲು, ಬೆರಳ ಸಂದಿಯಲ್ಲಿ ಸದಾ ಉರಿಯುವ ಸಿಗರೇಟು. ಆತ ಕಮ್ಯುನಿಸ್ಟ್ ಪಕ್ಷದ ಸದಸ್ಯನಾಗಿದ್ದವನು. ಎಡಪಂಥೀಯರನ್ನು ಹುಡುಕಿ ಹುಡುಕಿ ಕೊಲ್ಲುತ್ತಿದ್ದ ಸೇನಾ ಸರ್ಕಾರಕ್ಕೆ ಅದರ ಅತಿ ದೊಡ್ಡ ಸಂಭ್ರಮವನ್ನು ಒದಗಿಸಿದವನು ಒಬ್ಬ ಎಡಪಂಥೀಯ! 2024ರ ಮೇ 5ರಂದು, 85ನೇ ವಯಸ್ಸಿನಲ್ಲಿ ಮೆನೊಟ್ಟಿ ತೀರಿಕೊಂಡಾಗ ಜಗತ್ತಿನ ಪತ್ರಿಕೆಗಳು ಸುಂದರ ಫುಟ್ಬಾಲಿನ ತತ್ವಜ್ಞಾನಿ ಎಂದು ಆತನನ್ನು ಕೊಂಡಾಡಿದವು. ಆ ಹೊಗಳಿಕೆ ಸುಳ್ಳಲ್ಲ. ಆದರೆ ಕಾರಿನ ಮೇಲ್ಛಾವಣಿಯಿಂದ ತಲೆ ಹೊರಹಾಕಿದ ಆ ಮಹಿಳೆ ಕಂಡದ್ದನ್ನು ಬದಿಗಿಟ್ಟು ಮೆನೊಟ್ಟಿಯ ಬಗ್ಗೆ ಬರೆದರೆ ಅದು ಅರ್ಧ ಬರಹವಾಗುತ್ತದೆ.

ನಮ್ಮಲ್ಲಿ ಅರ್ಜೆಂಟೀನಾ ಎಂದರೆ ಮರಡೋನಾ, ಆಮೇಲೆ ಮೆಸ್ಸಿ. 1986ರಲ್ಲಿ ದೂರದರ್ಶನದ ಮೂಲಕ ಮರಡೋನಾ ನಮ್ಮ ಮನೆಗಳೊಳಗೆ ಬಂದ. 1978 ನಮಗೆ ಹೆಚ್ಚೆಂದರೆ ದಾಖಲೆ ಪುಸ್ತಕದ ಒಂದು ಸಾಲು. ಆದರೆ ಆಟ, ಜನ ಮತ್ತು ಪ್ರಭುತ್ವದ ನಂಟನ್ನು ಅರಿಯಬೇಕಾದರೆ ಮರಡೋನಾನಿಗಿಂತ ಮೆನೊಟ್ಟಿಯ ಬದುಕನ್ನೇ ಹೆಚ್ಚು ಗಮನಿಸಬೇಕು. ಯಾಕೆಂದರೆ ಆಟ ಯಾರದು ಎಂಬ ಪ್ರಶ್ನೆಯನ್ನು ತನ್ನ ವೃತ್ತಿಯ ಕೇಂದ್ರದಲ್ಲಿಟ್ಟುಕೊಂಡಿದ್ದ ತರಬೇತುದಾರ ಆತ.

*

ಮೆನೊಟ್ಟಿ ಹುಟ್ಟಿದ್ದು 1938ರಲ್ಲಿ, ರೊಸಾರಿಯೊ ಎಂಬ ಬಂದರು ನಗರದಲ್ಲಿ. ಅರ್ಜೆಂಟೀನಾದಲ್ಲಿ ಫುಟ್ಬಾಲನ್ನು ಪರಿಚಯಿಸಿದವರು ಬ್ರಿಟಿಷರು. ಆದರೆ ವಲಸೆ ಬಂದ ಇಟಾಲಿಯನ್ನರ, ಸ್ಪ್ಯಾನಿಷರ ಮಕ್ಕಳು ಖಾಲಿ ಬಯಲುಗಳಲ್ಲಿ ಅದನ್ನು ಬೇರೆಯೇ ಆಟವನ್ನಾಗಿ ಮಾಡಿಕೊಂಡರು. ಮೈಬಲಕ್ಕಿಂತ ಕಾಲಿನ ಚಳಕ, ಎದುರಾಳಿಯನ್ನು ಯಾಮಾರಿಸುವ ಜಾಣ್ಮೆ, ಅವಸರವಿಲ್ಲದ ಪಾಸುಗಳು. ಆ ಶೈಲಿಗೆ ಅವರು ಇಟ್ಟ ಹೆಸರು ‘ಲಾ ನುಯೆಸ್ತ್ರಾ’. ಹಾಗೆಂದರೆ ‘ನಮ್ಮದು’. ಒಡೆಯರು ತಂದ ಆಟವನ್ನು ಕೂಲಿಯವರ ಮಕ್ಕಳು ತಮ್ಮದಾಗಿಸಿಕೊಂಡ ಹೆಮ್ಮೆ ಆ ಒಂದು ಪದದಲ್ಲಿದೆ.

1958ರ ಸ್ವೀಡನ್ ವಿಶ್ವಕಪ್ಪಿನಲ್ಲಿ ಈ ಹೆಮ್ಮೆಗೆ ಪೆಟ್ಟು ಬಿತ್ತು. ಚೆಕೊಸ್ಲೊವಾಕಿಯಾ ಎದುರು ಅರ್ಜೆಂಟೀನಾ 6–1ರಿಂದ ಸೋತಿತು. ಚಳಕದ ಕಾಲ ಮುಗಿಯಿತು, ಯುರೋಪಿನವರಂತೆ ಓಡಬೇಕು, ಗುದ್ದಾಡಬೇಕು, ಗೋಲು ಬಿಟ್ಟುಕೊಡಬಾರದು ಎಂಬ ಮಾತು ಬಲವಾಯಿತು. ಈ ದಾರಿಯಲ್ಲಿ ಕೊನೆಯವರೆಗೂ ಹೋದದ್ದು ಒಸ್ವಾಲ್ಡೊ ಜುಬೆಲ್ದಿಯಾ ತರಬೇತಿಯ ಎಸ್ತುದಿಯಾಂತೆಸ್ ತಂಡ. 1968ರಿಂದ 1970ರವರೆಗೆ ಸತತ ಮೂರು ವರ್ಷ ದಕ್ಷಿಣ ಅಮೆರಿಕದ ಕ್ಲಬ್ ಚಾಂಪಿಯನ್ ಆದ ಈ ತಂಡ ಒರಟುತನಕ್ಕೆ, ಎದುರಾಳಿಯನ್ನು ಕೆಣಕುವುದಕ್ಕೆ, ಸಮಯ ಕೊಲ್ಲುವುದಕ್ಕೆ ಹೆಸರಾಗಿತ್ತು. ಆ ತಂಡದಲ್ಲಿ ಕಾರ್ಲೋಸ್ ಬಿಲಾರ್ಡೊ ಎಂಬ ಆಟಗಾರನಿದ್ದ. ಆತ ವೈದ್ಯಕೀಯವನ್ನೂ ಓದಿದ್ದವನು. ಈ ಹೆಸರು ಮುಂದೆ ಮತ್ತೆ ಬರುತ್ತದೆ.

ಮೆನೊಟ್ಟಿ ಆಟಗಾರನಾಗಿ ದೊಡ್ಡ ಹೆಸರೇನಲ್ಲ. ರೊಸಾರಿಯೊ ಸೆಂಟ್ರಲ್, ರೇಸಿಂಗ್, ಬೊಕಾ ಜೂನಿಯರ್ಸ್, ಆಮೇಲೆ ನ್ಯೂಯಾರ್ಕ್, ಅಲ್ಲಿಂದ ಪೆಲೆ ಇದ್ದ ಬ್ರೆಜಿಲಿನ ಸ್ಯಾಂಟೋಸ್. ಅಲೆದಾಟ ಆಗಲೇ ಶುರುವಾಗಿತ್ತು. 1970ರ ಮೆಕ್ಸಿಕೊ ವಿಶ್ವಕಪ್ಪನ್ನು ನೋಡಲು ಗೆಳೆಯನೊಬ್ಬನ ಜೊತೆ ಹೋದ. ಪೆಲೆಯ ಬ್ರೆಜಿಲ್ ತಂಡ ನಗುನಗುತ್ತ ಜಗತ್ತನ್ನು ಗೆದ್ದದ್ದನ್ನು ಕಂಡ. ಚಂದವಾಗಿ ಆಡಿಯೂ ಗೆಲ್ಲಬಹುದು ಎಂಬುದಕ್ಕೆ ಆತನಿಗೆ ಬೇರೆ ಪುರಾವೆ ಬೇಕಾಗಲಿಲ್ಲ.

ತನ್ನದೇ ಪುರಾವೆಯನ್ನು 1973ರಲ್ಲಿ ಕೊಟ್ಟ. ಬ್ಯೂನಸ್ ಐರಿಸ್‌ನ ದುಡಿಯುವ ಜನರ ಬಡಾವಣೆಯ ಹುರಾಕಾನ್ ತಂಡ ಆತನ ಕೈಯಲ್ಲಿ ಲೀಗ್ ಚಾಂಪಿಯನ್ ಆಯಿತು. ಬ್ರಿಂಡಿಸಿ, ಬಾಬಿಂಗ್ಟನ್, ಕೊಳೆಗೇರಿಯಲ್ಲಿ ಬೆಳೆದ ರೆನೆ ಹೌಸ್‌ಮನ್ ಇದ್ದ ಆ ತಂಡವನ್ನು ಅರ್ಜೆಂಟೀನಾದ ಹಿರಿಯರು ಇಂದಿಗೂ ಬಾಯಿ ತುಂಬ ನೆನೆಯುತ್ತಾರೆ. ರೊಸಾರಿಯೊದಲ್ಲಿ ರೊಸಾರಿಯೊ ಸೆಂಟ್ರಲ್ ತಂಡವನ್ನು 5–0ರಿಂದ ಸೋಲಿಸಿದಾಗ, ಸೋತ ತಂಡದ ಅಭಿಮಾನಿಗಳೇ ಚಪ್ಪಾಳೆ ತಟ್ಟಿದರು. ‘ನಮ್ಮದು’ ಎಂಬ ಮಾತಿಗೆ ಇದಕ್ಕಿಂತ ಒಳ್ಳೆಯ ವ್ಯಾಖ್ಯಾನ ಸಿಗಲಾರದು. ಆ ಹೊತ್ತಿನ ಆಟ ಎರಡೂ ಊರಿನವರದಾಗಿತ್ತು.

*

ಮೆನೊಟ್ಟಿ ಫುಟ್ಬಾಲನ್ನು ಎಡ ಮತ್ತು ಬಲ ಎಂದು ವಿಂಗಡಿಸುತ್ತಿದ್ದ. ಬಲಪಂಥದ ಫುಟ್ಬಾಲ್ ಬದುಕು ಬರಿಯ ಹೋರಾಟವೆನ್ನುತ್ತದೆ, ತ್ಯಾಗ ಕೇಳುತ್ತದೆ, ಹೇಗಾದರೂ ಗೆಲ್ಲು ಎನ್ನುತ್ತದೆ, ಆಟಗಾರನನ್ನು ಹೇಳಿದ್ದು ಕೇಳುವ ಯಂತ್ರವನ್ನಾಗಿಸುತ್ತದೆ. ಎಡಪಂಥದ ಫುಟ್ಬಾಲ್ ಬುದ್ಧಿಯನ್ನು, ಸಂತೋಷವನ್ನು, ಜೊತೆಗಾರಿಕೆಯನ್ನು ನಂಬುತ್ತದೆ. ವಾರವಿಡೀ ದುಡಿದು ಭಾನುವಾರ ಮೈದಾನಕ್ಕೆ ಬಂದವನಿಗೆ ಆಟ ಒಂದು ಉತ್ಸವವಾಗಬೇಕು ಎಂಬುದು ಆತನ ವಾದದ ತಿರುಳು.

ಇದನ್ನು ಬರಿಯ ಭಾವುಕತೆ ಎಂದು ತಳ್ಳಿಹಾಕುವವರಿದ್ದಾರೆ. ಆದರೆ ಮೈದಾನದ ಮೇಲೆ ಮೆನೊಟ್ಟಿ ಲೆಕ್ಕಾಚಾರದ ಮನುಷ್ಯ. ಚೆಂಡು ಎದುರಾಳಿಯ ಬಳಿ ಇದ್ದಾಗ ಆತನ ರಕ್ಷಣಾ ಸಾಲು ಹಿಂದೆ ಸರಿಯುತ್ತಿರಲಿಲ್ಲ, ಮುಂದೆ ನುಗ್ಗಿ ಮೈದಾನವನ್ನೇ ಚಿಕ್ಕದು ಮಾಡುತ್ತಿತ್ತು. ಎದುರಾಳಿಗೆ ಯೋಚಿಸಲು ಜಾಗವಿಲ್ಲ, ಮುಂದೆ ಓಡಿದರೆ ಆಫ್‌ಸೈಡ್. ಚೆಂಡು ತನ್ನವರಿಗೆ ಸಿಕ್ಕ ಕೂಡಲೇ ಅದೇ ಮೈದಾನ ಅಗಲವಾಗಬೇಕು. ಹನ್ನೊಂದು ಮಂದಿ ಒಬ್ಬರನ್ನೊಬ್ಬರು ಅರಿತಿರದಿದ್ದರೆ ಇದು ನಡೆಯುವುದಿಲ್ಲ. ಒಬ್ಬ ತಡಮಾಡಿದರೂ ಹಿಂದೆ ಖಾಲಿ ಬಯಲು.

1974ರ ಅಕ್ಟೋಬರಿನಲ್ಲಿ ರಾಷ್ಟ್ರೀಯ ತಂಡ ಆತನ ಕೈಗೆ ಬಂತು. ಅಲ್ಲಿಯವರೆಗೆ ಅದು ಆಗಾಗ ಒಟ್ಟುಗೂಡಿಸಿದ ಗುಂಪಾಗಿತ್ತು. ಮೆನೊಟ್ಟಿ ಅದನ್ನು ಕಾಯಂ ತಂಡವನ್ನಾಗಿಸಿದ. ರಾಜಧಾನಿಯ ದೊಡ್ಡ ಕ್ಲಬ್ಬುಗಳನ್ನು ದಾಟಿ ಒಳನಾಡಿನ ಪ್ರಾಂತಗಳಿಗೆ ಹೋಗಿ ಆಟಗಾರರನ್ನು ಹುಡುಕಿದ. 1978ರ ತಂಡದಲ್ಲಿ ಕೊರ್ಡೊಬಾದ ಒಂದೇ ಕ್ಲಬ್ಬಿನ ಮೂವರು ಇದ್ದರು. ಪಟ್ಟಿಯಲ್ಲಿದ್ದ ಆಟಗಾರರನ್ನು ವಿಶ್ವಕಪ್ ಮುಗಿಯುವವರೆಗೆ ವಿದೇಶಿ ಕ್ಲಬ್ಬುಗಳಿಗೆ ಮಾರಬಾರದು ಎಂಬ ನಿಯಮ ತರಿಸಿದ. ಹೊರಗಿನಿಂದ ಕರೆಸಿಕೊಂಡದ್ದು ಸ್ಪೇನಿನಲ್ಲಿ ಆಡುತ್ತಿದ್ದ ಮಾರಿಯೊ ಕೆಂಪೆಸ್ ಒಬ್ಬನನ್ನೇ. ಹದಿನೇಳರ ಹುಡುಗ ಮರಡೋನಾನನ್ನು ಕೊನೆಯ ಗಳಿಗೆಯಲ್ಲಿ ಕೈಬಿಟ್ಟ. ಆ ಹುಡುಗ ಅದನ್ನು ಬಹುಕಾಲ ಮರೆಯಲಿಲ್ಲ.

*

1976ರ ಮಾರ್ಚ್ 24ರಂದು ಸೇನೆ ಅಧಿಕಾರ ಕಿತ್ತುಕೊಂಡಿತು. ನಾವು ಇಲ್ಲಿ ತುರ್ತು ಪರಿಸ್ಥಿತಿಯೊಳಗಿದ್ದ ದಿನಗಳವು. ಅಂದು ಮೆನೊಟ್ಟಿ ತಂಡದೊಂದಿಗೆ ಪೋಲೆಂಡಿನಲ್ಲಿದ್ದ. ಅರ್ಜೆಂಟೀನಾದ ರೇಡಿಯೊ, ಟಿವಿಗಳಲ್ಲಿ ಎಲ್ಲ ಕಾರ್ಯಕ್ರಮಗಳನ್ನು ನಿಲ್ಲಿಸಿ ಸೇನೆಯ ಪ್ರಕಟಣೆಗಳನ್ನು ಓದಲಾಗುತ್ತಿತ್ತು. ವಿನಾಯಿತಿ ಸಿಕ್ಕಿದ್ದು ಒಂದಕ್ಕೆ ಮಾತ್ರ: ಪೋಲೆಂಡ್ ಎದುರಿನ ಫುಟ್ಬಾಲ್ ಪಂದ್ಯದ ನೇರ ಪ್ರಸಾರ. ಸಂವಿಧಾನ ಇಲ್ಲದೆ ಆಳಬಹುದು, ಫುಟ್ಬಾಲ್ ಇಲ್ಲದೆ ಆಗದು ಎಂಬುದು ಜನರಲ್‌ಗಳಿಗೆ ಮೊದಲ ದಿನವೇ ಗೊತ್ತಿತ್ತು.

ಮುಂದಿನ ಏಳೂವರೆ ವರ್ಷಗಳಲ್ಲಿ ಎಷ್ಟು ಮಂದಿಯನ್ನು ‘ಕಾಣೆಯಾಗಿಸಲಾಯಿತು’? ಪ್ರಜಾಪ್ರಭುತ್ವ ಮರಳಿದ ಮೇಲೆ ನೇಮಕವಾದ ಆಯೋಗ 1984ರಲ್ಲಿ ಸುಮಾರು 9,000 ಪ್ರಕರಣಗಳನ್ನು ದಾಖಲಿಸಿತು. ಮಾನವ ಹಕ್ಕು ಸಂಘಟನೆಗಳು ಹೇಳುವ ಸಂಖ್ಯೆ 30,000. ವಿದ್ಯಾರ್ಥಿಗಳು, ಕಾರ್ಮಿಕ ಮುಖಂಡರು, ಪತ್ರಕರ್ತರು, ಪಾದ್ರಿಗಳು, ಗರ್ಭಿಣಿಯರು. ಅತಿ ದೊಡ್ಡ ಹಿಂಸಾಕೇಂದ್ರಗಳಲ್ಲೊಂದು ನೌಕಾಪಡೆಯ ಮೆಕ್ಯಾನಿಕರ ತರಬೇತಿ ಶಾಲೆ. ಫೈನಲ್ ನಡೆದ ಮೊನುಮೆಂಟಲ್ ಕ್ರೀಡಾಂಗಣದಿಂದ ಅದು ನಡೆದು ಹೋಗುವಷ್ಟೇ ದೂರ. ಗೋಲು ಬಿದ್ದಾಗ ಎದ್ದ ಕೇಕೆ ಅಲ್ಲಿನ ಕೈದಿಗಳಿಗೆ ಕೇಳಿಸುತ್ತಿತ್ತು.

ಅರ್ಜೆಂಟೀನಾಕ್ಕೆ ಈ ವಿಶ್ವಕಪ್ ಸಿಕ್ಕಿದ್ದು 1966ರಲ್ಲೇ. ಆದರೆ ಅದನ್ನು ತಮ್ಮ ಕನ್ನಡಿಯನ್ನಾಗಿಸಿಕೊಂಡದ್ದು ಜನರಲ್‌ಗಳು. ವಿದೇಶಗಳಲ್ಲಿ ತಮ್ಮ ಮುಖ ತೊಳೆಯಲು ಅಮೆರಿಕದ ಪ್ರಚಾರ ಸಂಸ್ಥೆಯೊಂದನ್ನು ಗೊತ್ತುಮಾಡಿಕೊಂಡರು. ಬಡವರ ಗುಡಿಸಲುಗಳನ್ನು ಬುಲ್ಡೋಜರಿನಿಂದ ಕೆಡವಿದರು, ಕೆಡವಲಾಗದ ಕಡೆ ಗೋಡೆ ಎಬ್ಬಿಸಿ ಮರೆಮಾಡಿದರು. 50 ಕೋಟಿ ಡಾಲರಿಗೂ ಹೆಚ್ಚು ಖರ್ಚಾಯಿತು. ಈ ದುಂದುವೆಚ್ಚವನ್ನು ಟೀಕಿಸಿದ ಸರ್ಕಾರದ್ದೇ ಖಜಾನೆ ಕಾರ್ಯದರ್ಶಿ ಹ್ವಾನ್ ಅಲೆಮಾನ್ ಮನೆಯಲ್ಲಿ ಬಾಂಬ್ ಸಿಡಿಯಿತು. ಅದು ಸಿಡಿದದ್ದು ಪೆರು ವಿರುದ್ಧ ಅರ್ಜೆಂಟೀನಾ ನಾಲ್ಕನೇ ಗೋಲು ಹೊಡೆದ ಗಳಿಗೆಯಲ್ಲಿ.

ಆ ಪಂದ್ಯದ ಬಗ್ಗೆ ಹೇಳಲೇಬೇಕು. ಫೈನಲ್ ತಲುಪಲು ಅರ್ಜೆಂಟೀನಾ ಕನಿಷ್ಠ ನಾಲ್ಕು ಗೋಲುಗಳ ಅಂತರದಿಂದ ಗೆಲ್ಲಬೇಕಿತ್ತು. ಬ್ರೆಜಿಲ್ ತನ್ನ ಪಂದ್ಯವನ್ನು ಮೊದಲೇ ಮುಗಿಸಿದ್ದರಿಂದ ಎಷ್ಟು ಗೋಲು ಬೇಕೆಂಬುದು ಅರ್ಜೆಂಟೀನಾಕ್ಕೆ ಗೊತ್ತಿತ್ತು. ಪಂದ್ಯಕ್ಕೆ ಮೊದಲು ಸರ್ವಾಧಿಕಾರಿ ವಿಡೆಲಾ, ಹೆನ್ರಿ ಕಿಸಿಂಜರ್ ಜೊತೆಗೂಡಿ, ಪೆರು ಆಟಗಾರರ ಕೋಣೆಗೆ ಹೋಗಿ ‘ಸೋದರತೆ’ಯ ಮಾತಾಡಿ ಬಂದ. ಪಂದ್ಯ 6–0ರಲ್ಲಿ ಮುಗಿಯಿತು. ಧಾನ್ಯ ಕೊಟ್ಟು ಕೊಂಡರು, ಹೆದರಿಸಿದರು ಎಂಬ ಆರೋಪಗಳು ಇಂದಿಗೂ ಇವೆ. ಯಾವುದೂ ಸಾಬೀತಾಗಿಲ್ಲ. ಆರಂಭದಲ್ಲಿ ಪೆರುವಿನ ಒಂದು ಹೊಡೆತ ಗೋಲುಕಂಬಕ್ಕೆ ಬಡಿದದ್ದೂ ನಿಜ. ಮೆನೊಟ್ಟಿಗೆ ಇದರಲ್ಲಿ ಪಾತ್ರವಿತ್ತು ಎಂದು ಹೇಳಲು ಆಧಾರವಿಲ್ಲ. ಆದರೆ ಸರ್ವಾಧಿಕಾರಿಯೊಬ್ಬ ಎದುರಾಳಿಯ ಕೋಣೆಗೆ ಹೋಗಿ ಬಂದ ಮೇಲೆ ಆ ಆರು ಗೋಲುಗಳು ಕೆಂಪೆಸ್, ಲೂಕೆಯವರ ಗೋಲುಗಳಾಗಿ ಮಾತ್ರ ಉಳಿಯುವುದು ಹೇಗೆ? ಪ್ರಭುತ್ವ ಕೈಯಿಟ್ಟ ಕಡೆ ಪ್ರಾಮಾಣಿಕ ಬೆವರೂ ಸಂಶಯಕ್ಕೆ ಒಳಗಾಗುತ್ತದೆ.

ಫೈನಲಿನಲ್ಲಿ ಹಾಲೆಂಡ್ ಎದುರಾಳಿ. 90 ನಿಮಿಷಗಳಿಗೆ 1–1. ಕೊನೆಯ ಗಳಿಗೆಯಲ್ಲಿ ರೆನ್ಸೆನ್‌ಬ್ರಿಂಕ್ ಹೊಡೆದ ಚೆಂಡು ಕಂಬಕ್ಕೆ ಬಡಿದು ಹಿಂದಿರುಗಿತು. ಹೆಚ್ಚುವರಿ ಸಮಯದಲ್ಲಿ ಕೆಂಪೆಸ್ ಮತ್ತು ಬೆರ್ತೋನಿ ಗೋಲು ಹೊಡೆದು 3–1. ಸೋತ ಹಾಲೆಂಡಿನವರು ರಾತ್ರಿಯ ಔತಣಕ್ಕೆ ಹೋಗಲಿಲ್ಲ. ಗೆದ್ದವರ ನಾಯಕ ಪಸರೆಲ್ಲಾಗೆ ಟ್ರೋಫಿ ನೀಡುವ ವೇದಿಕೆಯಲ್ಲಿ ವಿಡೆಲಾ ನಗುತ್ತಿದ್ದ.

*

ಮೆನೊಟ್ಟಿಯ ಪರವಾಗಿ ಹೇಳಬಹುದಾದ ಮಾತುಗಳು ಹಗುರವಾದವಲ್ಲ.

ಫೈನಲಿಗೆ ಮೊದಲು ಆತ ಆಟಗಾರರಿಗೆ ಹೇಳಿದ ಮಾತು ಆಮೇಲೆ ಪ್ರಸಿದ್ಧವಾಯಿತು. ಮೈದಾನಕ್ಕೆ ಇಳಿದಾಗ ಅಧಿಕಾರಸ್ಥರ ಆಸನಗಳ ಕಡೆ ನೋಡಬೇಡಿ, ಜನ ಕೂತ ಮೆಟ್ಟಿಲುಗಳ ಕಡೆ ನೋಡಿ. ಅಲ್ಲಿ ಕಾರ್ಖಾನೆಯ ಕಾರ್ಮಿಕರು, ಬ್ರೆಡ್ ಸುಡುವವರು, ಕಸಾಯಿಯವರು, ಟ್ಯಾಕ್ಸಿ ಚಾಲಕರು ಇದ್ದಾರೆ. ನಾವು ಆಡುವುದು ಅವರಿಗಾಗಿ. ಆತನ ವಾದ ಸರಳವಾಗಿತ್ತು: ನಾನೇನು ಮಾಡಬೇಕಿತ್ತು? ತಂಡಕ್ಕೆ ಕೆಟ್ಟದಾಗಿ ಆಡಲು ಕಲಿಸಬೇಕಿತ್ತೇ? ಜನರಲ್‌ಗಳ ಮೇಲಿನ ಸಿಟ್ಟಿಗೆ ಜನರ ಸಂತೋಷವನ್ನು ಕಸಿಯಬೇಕಿತ್ತೇ? ಭಯದ ನಾಡಿನಲ್ಲಿ ಸ್ವತಂತ್ರವಾಗಿ, ಧೈರ್ಯದಿಂದ ಆಡುವ ಹನ್ನೊಂದು ಮಂದಿ ಜನರಿಗೆ ತಮ್ಮ ಹಳೆಯ ಸ್ವಾತಂತ್ರ್ಯವನ್ನು ನೆನಪಿಸುತ್ತಾರೆ ಎಂದು ಆತ ನಂಬಿದ್ದ.

ಆ ನಂಬಿಕೆಗೆ ಆಧಾರ ಇಲ್ಲದಿಲ್ಲ. ಮೈದಾನಕ್ಕೆ ಕಾಗದದ ಚೂರುಗಳನ್ನು ತೂರುವುದು ಅಲ್ಲಿನ ಪ್ರೇಕ್ಷಕರ ಹಳೆಯ ರೂಢಿ. ಹೊರಗಿನವರ ಎದುರು ದೇಶ ಕೊಳಕಾಗಿ ಕಾಣುತ್ತದೆ, ಹಾಗೆ ಮಾಡಬೇಡಿ ಎಂದು ಸರ್ಕಾರಕ್ಕೆ ಹತ್ತಿರವಾಗಿದ್ದ ರೇಡಿಯೊ ವೀಕ್ಷಕ ವಿವರಣೆಗಾರ ಮುನ್ಯೋಸ್ ಉಪದೇಶಿಸಿದ. ಪತ್ರಿಕೆಯ ವ್ಯಂಗ್ಯಚಿತ್ರಗಾರ ಕಾಲೋಯಿ ತನ್ನ ‘ಕ್ಲೆಮೆಂಟೆ’ ಎಂಬ ಪಾತ್ರದ ಬಾಯಿಂದ ತೂರಿ, ತೂರಿ ಎಂದು ಹೇಳಿಸಿದ. ಜನ ಮೈದಾನ ಬಿಳಿಯಾಗುವಷ್ಟು ತೂರಿದರು. ಜಗತ್ತು ಇಂದು ಆ ವಿಶ್ವಕಪ್ಪನ್ನು ನೆನೆಯುವುದು ಆ ಕಾಗದದ ಮಳೆಯಿಂದ. ಸಭೆ ಸೇರುವ ಹಕ್ಕಿಲ್ಲದ ನಾಡಿನಲ್ಲಿ ಕಾಗದ ತೂರುವುದೂ ಒಂದು ಸಣ್ಣ ಅವಿಧೇಯತೆ.

ಆದರೆ ಎದುರು ಮಾತುಗಳೂ ಇವೆ, ಅವೂ ಹಗುರವಾದವಲ್ಲ.

1977ರ ಏಪ್ರಿಲ್ 30ರಿಂದ ಬ್ಯೂನಸ್ ಐರಿಸ್‌ನ ಮೇಯೊ ಚೌಕದಲ್ಲಿ, ಅಧ್ಯಕ್ಷರ ಅರಮನೆಯ ಎದುರು ಕೆಲವು ತಾಯಂದಿರು ಸೇರತೊಡಗಿದ್ದರು. ತಲೆಗೆ ಬಿಳಿ ವಸ್ತ್ರ ಕಟ್ಟಿಕೊಂಡು, ನಮ್ಮ ಮಕ್ಕಳು ಎಲ್ಲಿ ಎಂದು ಕೇಳುತ್ತ ಸುತ್ತುತ್ತಿದ್ದರು. ಅವರನ್ನು ಮೊದಲು ಸಂಘಟಿಸಿದ ಅಸುಸೆನಾ ವಿಯಾಫ್ಲೋರ್ ಅದೇ ಡಿಸೆಂಬರಿನಲ್ಲಿ ತಾನೂ ಕಾಣೆಯಾದಳು. ಆದರೂ ತಾಯಂದಿರು ನಿಲ್ಲಿಸಲಿಲ್ಲ. 1978ರ ಜೂನ್ 1ರಂದು ವಿಶ್ವಕಪ್ ಉದ್ಘಾಟನೆಯಾಗುತ್ತಿದ್ದಾಗಲೂ ಅವರು ಚೌಕದಲ್ಲಿದ್ದರು. ಹಾಲೆಂಡಿನ ಟಿವಿಯವರು ಅವರನ್ನು ಚಿತ್ರೀಕರಿಸಿದರು. ಹೆಸರಿಲ್ಲದ, ರಕ್ಷಣೆಯಿಲ್ಲದ ಗೃಹಿಣಿಯರು ಮಾತಾಡಿದರು. ಮುಟ್ಟಲು ಸರ್ಕಾರ ಹಿಂಜರಿಯುವಷ್ಟು ಹೆಸರಿದ್ದವನು ಅಂದು ಸುಮ್ಮನಿದ್ದ.

ಇನ್ನೊಂದು ಉದಾಹರಣೆ ಮೆನೊಟ್ಟಿಯ ಪಕ್ಕದಲ್ಲೇ ಇತ್ತು. ಹುರಾಕಾನ್ ತಂಡದಲ್ಲಿ ಆತನ ಮೆಚ್ಚಿನವನಾಗಿದ್ದ, ರಾಷ್ಟ್ರೀಯ ತಂಡದ ನಾಯಕನಾಗಿದ್ದ ಹೋರ್ಹೆ ಕರಸ್ಕೋಸಾ 1977ರಲ್ಲಿ ತಾನು ವಿಶ್ವಕಪ್ ಆಡುವುದಿಲ್ಲ ಎಂದು ಹೊರನಡೆದ. ಘೋಷಣೆ ಮಾಡಲಿಲ್ಲ, ಸೇನೆಯನ್ನು ಬೈಯಲಿಲ್ಲ, ವೈಯಕ್ತಿಕ ಕಾರಣ ಎಂದ. ಕಪ್ ಎತ್ತಬೇಕಾಗಿದ್ದ ಕೈಗಳನ್ನು ಹಿಂದಕ್ಕೆ ಎಳೆದುಕೊಂಡ. ಆತನ ಮನಸ್ಸಿನಲ್ಲಿದ್ದುದನ್ನು ನಾವು ಊಹಿಸಿ ವೀರಗಾಥೆ ಕಟ್ಟಬೇಕಾಗಿಲ್ಲ. ಆದರೆ ಹೊರಹೋಗುವ ಬಾಗಿಲೊಂದಿತ್ತು, ಆ ಬಾಗಿಲಿನಿಂದ ಹೋದವನೂ ಬದುಕಿದ ಎಂಬುದಕ್ಕೆ ಆತ ಸಾಕ್ಷಿ.

1979ರದ್ದು ಇನ್ನೂ ನೋವಿನ ಕತೆ. ಸೆಪ್ಟೆಂಬರಿನಲ್ಲಿ ಅಮೆರಿಕ ಖಂಡದ ರಾಷ್ಟ್ರಗಳ ಮಾನವ ಹಕ್ಕು ಆಯೋಗ ದೂರು ಕೇಳಲು ಬ್ಯೂನಸ್ ಐರಿಸ್‌ಗೆ ಬಂದಿತ್ತು. ಕಾಣೆಯಾದವರ ಮನೆಯವರು ಮೇಯೊ ಅವೆನ್ಯೂದಲ್ಲಿ ಉದ್ದನೆಯ ಸಾಲಿನಲ್ಲಿ ನಿಂತಿದ್ದರು. ಅದೇ ಹೊತ್ತಿಗೆ ಜಪಾನಿನಲ್ಲಿ ಮೆನೊಟ್ಟಿ ತರಬೇತಿಯ ಕಿರಿಯರ ತಂಡ, ಮರಡೋನಾನ ತಂಡ, ಸೋವಿಯೆತ್ ಒಕ್ಕೂಟವನ್ನು 3–1ರಿಂದ ಸೋಲಿಸಿ ಯುವ ವಿಶ್ವಕಪ್ ಗೆದ್ದಿತು. ಅದೇ ಮುನ್ಯೋಸ್, ಎಲ್ಲರೂ ಮೇಯೊ ಅವೆನ್ಯೂಗೆ ಹೋಗಿ ಸಂಭ್ರಮಿಸಿ, ನಾವು ಎಂಥವರೆಂದು ಆ ಆಯೋಗದವರಿಗೆ ತೋರಿಸಿ ಎಂದು ಕರೆಕೊಟ್ಟ. ಗೆಲುವಿನ ಮೆರವಣಿಗೆಯನ್ನು ಅಳುವವರ ಸಾಲಿನ ಮೇಲೆ ಹರಿಸಲಾಯಿತು. ಮೈದಾನದಲ್ಲಿ ಆ ಹುಡುಗರು ಆಡಿದ ಆಟ ಮೆನೊಟ್ಟಿಯ ವೃತ್ತಿಜೀವನದಲ್ಲೇ ಅತಿ ಸುಂದರವಾದದ್ದು ಎನ್ನುವವರಿದ್ದಾರೆ. ಸೌಂದರ್ಯ ತನ್ನಷ್ಟಕ್ಕೆ ಯಾರನ್ನೂ ಕಾಪಾಡಲಿಲ್ಲ.

1980ರ ಆಗಸ್ಟಿನಲ್ಲಿ ಮೆನೊಟ್ಟಿ ಒಂದು ಹೆಜ್ಜೆ ಇಟ್ಟ. ಕಾಣೆಯಾದವರ ಪಟ್ಟಿಯನ್ನು ಪ್ರಕಟಿಸಿ ಎಂದು ಕೋರುವ ಮನವಿಯೊಂದು ‘ಕ್ಲಾರಿನ್’ ದಿನಪತ್ರಿಕೆಯಲ್ಲಿ ಬಂತು. ಸಹಿ ಹಾಕಿದವರಲ್ಲಿ ಲೇಖಕ ಬೋರ್ಹೆಸ್ ಇದ್ದ, ಮೆನೊಟ್ಟಿಯೂ ಇದ್ದ. ಸೇನೆ ಇನ್ನೂ ಅಧಿಕಾರದಲ್ಲಿತ್ತು, ಆತ ಇನ್ನೂ ಅದರ ರಾಷ್ಟ್ರೀಯ ತಂಡದ ತರಬೇತುದಾರನಾಗಿದ್ದ. ಇದು ಸಣ್ಣ ಧೈರ್ಯವಲ್ಲ. ಆತನನ್ನು ಸರ್ವಾಧಿಕಾರದ ಕೈಗೊಂಬೆ ಎಂದು ಒಂದೇ ಮಾತಿನಲ್ಲಿ ಮುಗಿಸುವವರು ಈ ಸಹಿಯನ್ನು ಮರೆಯುತ್ತಾರೆ. ಆತನನ್ನು ಆರಾಧಿಸುವವರು ಈ ಸಹಿಗೂ 1978ಕ್ಕೂ ನಡುವಿನ ಎರಡು ವರ್ಷಗಳನ್ನು ಮರೆಯುತ್ತಾರೆ.

*

1982ರಲ್ಲಿ ಎಲ್ಲವೂ ಒಟ್ಟಿಗೆ ಕುಸಿಯಿತು. ಜೂನ್ 13ರಂದು ಬಾರ್ಸಿಲೋನಾದಲ್ಲಿ ಅರ್ಜೆಂಟೀನಾ ಬೆಲ್ಜಿಯಂ ಎದುರು 0–1ರಿಂದ ಸೋತಿತು. ಮರುದಿನ ಮಾಲ್ವಿನಾಸ್ ದ್ವೀಪಗಳಲ್ಲಿ ಅದರ ಸೇನೆ ಬ್ರಿಟನ್ನಿಗೆ ಶರಣಾಯಿತು. ಯುದ್ಧ ಗೆಲ್ಲುತ್ತಿದ್ದೇವೆ ಎಂದು ಊರಿನಲ್ಲಿ ಕೇಳಿಸಿಕೊಂಡು ಬಂದಿದ್ದ ಆಟಗಾರರು ಸ್ಪೇನಿನ ಪತ್ರಿಕೆಗಳಲ್ಲಿ ನಿಜ ಓದಿದರು. ಇಟಲಿಗೂ ಬ್ರೆಜಿಲಿಗೂ ಸೋತು ತಂಡ ಮನೆಗೆ ಮರಳಿತು. ಮೆನೊಟ್ಟಿಯ ಕಾಲ ಮುಗಿಯಿತು. ಆತನ ಜಾಗಕ್ಕೆ ಬಂದವನು ಎಸ್ತುದಿಯಾಂತೆಸ್‌ನ ಹಳೆಯ ಆಟಗಾರ ಬಿಲಾರ್ಡೊ. ಅಂದಿನಿಂದ ಅರ್ಜೆಂಟೀನಾದಲ್ಲಿ ಎರಡು ಮತಗಳು: ಚಂದವಾಗಿ ಗೆಲ್ಲಬೇಕು ಎನ್ನುವವರು ಮೆನೊಟ್ಟಿಯ ಕಡೆ, ಗೆಲ್ಲುವುದೇ ಚಂದ ಎನ್ನುವವರು ಬಿಲಾರ್ಡೊ ಕಡೆ. 1986ರಲ್ಲಿ ಬಿಲಾರ್ಡೊ ವಿಶ್ವಕಪ್ ಗೆದ್ದ. ಕೈಯಿಂದ ಹೊಡೆದ ಗೋಲು ಮತ್ತು ಶತಮಾನದ ಸುಂದರ ಗೋಲು, ಎರಡೂ ಆತನ ತಂಡದಿಂದ, ಒಂದೇ ಪಂದ್ಯದಲ್ಲಿ, ಒಬ್ಬನೇ ಆಟಗಾರನಿಂದ ಬಂದವು. ಎರಡು ಮತಗಳ ನಡುವಿನ ಗೋಡೆ ಅನುಯಾಯಿಗಳು ಹೇಳುವಷ್ಟು ಗಟ್ಟಿಯಾಗಿರಲಿಲ್ಲ. 1978ರ ಮೆನೊಟ್ಟಿಯ ತಂಡವೂ ಹುರಾಕಾನ್ ಆಗಿರಲಿಲ್ಲ. ಅದರ ವೇಗ, ಮೈಬಲ, ಒರಟುತನ ಕೆಲವೊಮ್ಮೆ ಆತ ದೂರುತ್ತಿದ್ದ ಫುಟ್ಬಾಲಿನ ಸಮೀಪಕ್ಕೇ ಬರುತ್ತಿದ್ದವು.

ಇಲ್ಲಿಂದ ಮೆನೊಟ್ಟಿಯ ದೀರ್ಘ ಅಲೆದಾಟ. 1983ರಲ್ಲಿ ಬಾರ್ಸಿಲೋನಾ. ಮರಡೋನಾನೊಂದಿಗೆ ರಿಯಲ್ ಮ್ಯಾಡ್ರಿಡ್ ಅನ್ನು ಸೋಲಿಸಿ ರಾಜನ ಕಪ್ ಗೆದ್ದ. ಬೆಳಗಿನ ಅಭ್ಯಾಸವನ್ನು ಮಧ್ಯಾಹ್ನಕ್ಕೆ ಬದಲಿಸಿದ, ಪಂದ್ಯ ನಡೆಯುವ ಹೊತ್ತಿಗೇ ಮೈ ಪಳಗಲಿ ಎಂದು. ಆದರೆ ಅದೇ ಸೆಪ್ಟೆಂಬರಿನಲ್ಲಿ ಅಥ್ಲೆಟಿಕ್ ಬಿಲ್ಬಾವೊದ ಗೊಯಿಕೊಎಚಿಯಾ ಮರಡೋನಾನ ಕಣಕಾಲು ಮುರಿದ. 1984ರ ಮೇ ತಿಂಗಳಲ್ಲಿ ಅದೇ ಬಿಲ್ಬಾವೊ ಎದುರು ಕಪ್ ಫೈನಲ್ ಸೋತಾಗ ಮೈದಾನದಲ್ಲೇ ಆಟಗಾರರು ಕೈಕಾಲು ಬೀಸಿ ಹೊಡೆದಾಡಿದರು. ಆ ಹೊಡೆದಾಟದ ಮುಂಚೂಣಿಯಲ್ಲಿದ್ದವನು ಮರಡೋನಾ. ಸುಂದರ ಫುಟ್ಬಾಲಿನ ಗುರುವಿನ ಬಾರ್ಸಿಲೋನಾ ಅಧ್ಯಾಯ ಹೀಗೆ ಬೀದಿ ಜಗಳದಂತೆ ಮುಗಿಯಿತು.

ಆಮೇಲೆ ಬೊಕಾ, ಅಟ್ಲೆಟಿಕೊ ಮ್ಯಾಡ್ರಿಡ್, ರಿವರ್ ಪ್ಲೇಟ್, ಉರುಗ್ವೆಯ ಪೆನ್ಯರೋಲ್, ಮೆಕ್ಸಿಕೊ ರಾಷ್ಟ್ರೀಯ ತಂಡ, ಮತ್ತೆ ಬೊಕಾ, ಇಂಡಿಪೆಂಡಿಯೆಂತೆ, ಇಟಲಿಯ ಸ್ಯಾಂಪ್‌ಡೋರಿಯಾ, ರೊಸಾರಿಯೊ, ಮತ್ತೆ ಮೆಕ್ಸಿಕೊದ ಕ್ಲಬ್ಬುಗಳು. ಅಟ್ಲೆಟಿಕೊ ತಂಡ 1987ರಲ್ಲಿ ರಿಯಲ್ ಮ್ಯಾಡ್ರಿಡ್ ಅನ್ನು ಅದರದೇ ಅಂಗಳದಲ್ಲಿ 4–0ರಿಂದ ಮಣಿಸಿತು. ಕೆಲವೇ ತಿಂಗಳಲ್ಲಿ ಅಧ್ಯಕ್ಷ ಹೆಸೂಸ್ ಹಿಲ್ ಆತನನ್ನು ಕೆಲಸದಿಂದ ತೆಗೆದ. ಮೆಕ್ಸಿಕೊದಲ್ಲಿ ಆತ ಇದ್ದದ್ದು ಒಂದೂವರೆ ವರ್ಷದಷ್ಟೇ. ಆದರೆ ದೊಡ್ಡ ತಂಡಗಳೆದುರು ತಲೆ ತಗ್ಗಿಸಿ ಆಡುತ್ತಿದ್ದ ಆ ದೇಶದವರಿಗೆ ಧೈರ್ಯ ಕಲಿಸಿದವನು ಎಂದು ಅಲ್ಲಿನವರು ಇಂದಿಗೂ ನೆನೆಯುತ್ತಾರೆ. ಆತ ಬಿಟ್ಟುಹೋದ ಮರುವರ್ಷವೇ ಮೆಕ್ಸಿಕೊ ಕೊಪಾ ಅಮೆರಿಕಾದ ಫೈನಲ್ ತಲುಪಿತು. ಸ್ಯಾಂಪ್‌ಡೋರಿಯಾದಲ್ಲಿ ಕೆಲವೇ ತಿಂಗಳು ಉಳಿದ.

ಸುಮಾರು ಇಪ್ಪತ್ತೈದು ವರ್ಷಗಳ ಈ ಅಲೆದಾಟದಲ್ಲಿ ಸಿಕ್ಕ ದೊಡ್ಡ ಪ್ರಶಸ್ತಿಗಳು ಬೆರಳೆಣಿಕೆಗೂ ಕಡಿಮೆ. ಆತನ ಸಿದ್ಧಾಂತ ಸೋತಿತು ಎನ್ನುವವರು ಈ ಲೆಕ್ಕ ತೋರಿಸುತ್ತಾರೆ. ನನಗೆ ಹಾಗನ್ನಿಸುವುದಿಲ್ಲ. ಸೋತಾಗಲೂ ಆತ ತನ್ನ ಮ್ಯಾಕ್ಸಿಮ್ ಬದಲಿಸಲಿಲ್ಲ, ಹೋದ ಕಡೆಯೆಲ್ಲ ಅದೇ ಮಾತು ಕಲಿಸಿದ. ತರಬೇತುದಾರನಾಗುವ ಮೊದಲು ಪೆಪ್ ಗಾರ್ಡಿಯೊಲಾ ಅರ್ಜೆಂಟೀನಾಕ್ಕೆ ಹೋಗಿ ಮಾತಾಡಿಸಿದ ಹಿರಿಯರಲ್ಲಿ ಮೆನೊಟ್ಟಿಯೂ ಒಬ್ಬ. ಆತನಿಗೆ ತನ್ನ ತತ್ವಕ್ಕಾಗಿ ಬೆಲೆ ತೆರಬೇಕಾಗಿ ಬಂದದ್ದು ಗೆದ್ದ ಕಾಲದಲ್ಲಲ್ಲ, ಈ ಸೋಲುಗಳ ಕಾಲದಲ್ಲಿ. 2019ರಲ್ಲಿ, ಎಂಬತ್ತರ ವಯಸ್ಸಿನಲ್ಲಿ, ಅರ್ಜೆಂಟೀನಾದ ರಾಷ್ಟ್ರೀಯ ತಂಡಗಳ ನಿರ್ದೇಶಕನಾಗಿ ಆತ ಮರಳಿ ಬಂದ. 2022ರಲ್ಲಿ ಮೆಸ್ಸಿಯ ತಂಡ ವಿಶ್ವಕಪ್ ಗೆದ್ದಾಗ ಆ ಸ್ಥಾನದಲ್ಲಿದ್ದ. ಮತದಾನದಿಂದ ಬಂದ ಸರ್ಕಾರವಿದ್ದ ನಾಡಿನಲ್ಲಿ, ಯಾರ ಮನೆಯ ಬಾಗಿಲೂ ರಾತ್ರಿ ಒಡೆಯದ ನಾಡಿನಲ್ಲಿ ಆತ ಕಂಡ ಗೆಲುವು ಅದು.

*

ಹಾಗಾದರೆ ಮೆನೊಟ್ಟಿಯನ್ನು ಅಳೆಯುವುದು ಹೇಗೆ? ಆಟವೇ ಬೇರೆ ರಾಜಕೀಯವೇ ಬೇರೆ ಎನ್ನುವವರಿಗೆ ಈ ಪ್ರಶ್ನೆಯೇ ಇಲ್ಲ. ಆದರೆ ಆ ಮಾತನ್ನು ಮೆನೊಟ್ಟಿಯೇ ಒಪ್ಪುತ್ತಿರಲಿಲ್ಲ. ಫುಟ್ಬಾಲಿಗೆ ಎಡ ಬಲ ಎಂಬ ದಿಕ್ಕು ತೋರಿಸಿದವನು ಆತನೇ. ಇನ್ನು, ಆತ ಆಗ ರಾಜೀನಾಮೆ ಕೊಟ್ಟು ಜೈಲಿಗೆ ಹೋಗಬೇಕಿತ್ತು ಎಂದು ದೂರದಲ್ಲಿ ಕುಳಿತು ತೀರ್ಪು ಕೊಡುವುದು ಸುಲಭ. ಅಂತಹ ಭಯದಲ್ಲಿ ಒಂದು ರಾತ್ರಿಯನ್ನೂ ಕಳೆಯದ ನಾವು ಮತ್ತೊಬ್ಬನಿಂದ ಹುತಾತ್ಮತೆಯನ್ನು ಕೇಳುವುದು ಸಲ್ಲದು.

ಆತನದೇ ಅಳತೆಗೋಲಿನಿಂದ ಆತನನ್ನು ಅಳೆಯುವುದು ನ್ಯಾಯ. ಗೆಲುವಿಗಿಂತ ಗೆದ್ದ ರೀತಿ ಮುಖ್ಯ ಎಂದು ಆತ ಜೀವಮಾನವಿಡೀ ಹೇಳಿದ. ಆದರೆ ಗೆದ್ದ ರೀತಿ ಎಂದರೆ ಪಾಸುಗಳ ಚಂದ ಮಾತ್ರವೇ? ಯಾರ ಗುಡಿಸಲನ್ನು ಕೆಡವಿದ ಜಾಗದಲ್ಲಿ, ಯಾರ ಅಳುವನ್ನು ಅಡಗಿಸಿದ ಕೇಕೆಯ ನಡುವೆ ಗೆದ್ದೆವು ಎಂಬುದೂ ಗೆದ್ದ ರೀತಿಯೇ ಅಲ್ಲವೇ? ಮೆನೊಟ್ಟಿಯ ಅಳತೆಗೋಲು ಸರಿಯಾದದ್ದು. ಆತ ಅದನ್ನು ಬಿಳಿ ಗೆರೆಗಳ ಒಳಗೆ ಮಾತ್ರ ಇಟ್ಟು ಅಳೆದ. ತನ್ನನ್ನು ಬಳಸಿಕೊಂಡರು ಎಂದು ಮುಂದೆ ಆತನೇ ಒಪ್ಪಿದ. ಕ್ರೀಡೆಯನ್ನು ಅಧಿಕಾರ ಬಳಸಿಕೊಳ್ಳುವುದು ಮನುಷ್ಯಕುಲದಷ್ಟೇ ಹಳೆಯದು ಎಂದೂ ಹೇಳಿದ. ನಿಜ. ಆದರೆ ಹಳೆಯದು ಎಂಬುದು ಸಮಾಧಾನವಾಗಲಾರದು.

ಆತನ ಆಟಗಾರರಲ್ಲಿ ಕೆಲವರು ಇನ್ನೂ ಸ್ವಲ್ಪ ಮುಂದೆ ಹೋದರು. ಈಗ ತಿಳಿದಿರುವುದು ಆಗ ತಿಳಿದಿದ್ದರೆ ಆಡುತ್ತಿರಲಿಲ್ಲ ಎಂಬ ಅರ್ಥದ ಮಾತನ್ನು ಲೂಕೆ ಆಡಿದ. 2008ರಲ್ಲಿ, ಮೂವತ್ತು ವರ್ಷಗಳ ನಂತರ, ಅದೇ ಮೊನುಮೆಂಟಲ್ ಕ್ರೀಡಾಂಗಣದಲ್ಲಿ ಮಾನವ ಹಕ್ಕು ಸಂಘಟನೆಗಳು ‘ಮತ್ತೊಂದು ಫೈನಲ್’ ಎಂಬ ಕಾರ್ಯಕ್ರಮ ನಡೆಸಿದವು. ಬಿಳಿ ವಸ್ತ್ರದ ತಾಯಂದಿರ ಜೊತೆಯಲ್ಲಿ ಲೂಕೆ, ವಿಯಾ, ಹೌಸ್‌ಮನ್ ನಿಂತರು. ಅಂದು ಅಲ್ಲಿ ಕಪ್ ಇರಲಿಲ್ಲ. ಗೆದ್ದವರು ಮತ್ತು ಕಳೆದುಕೊಂಡವರು ಒಂದೇ ಹುಲ್ಲಿನ ಮೇಲೆ ಮೊದಲ ಬಾರಿ ಒಟ್ಟಿಗೆ ನಿಂತಿದ್ದರು. ‘ನಮ್ಮದು’ ಎಂಬ ಪದಕ್ಕೆ ಹುರಾಕಾನ್ ತಂಡ ರೊಸಾರಿಯೊದಲ್ಲಿ ಕೊಟ್ಟಿದ್ದ ಅರ್ಥ ಸ್ವಲ್ಪವಾದರೂ ಅಲ್ಲಿ ಮರಳಿ ಬಂತು.

ನೌಕಾಪಡೆಯ ಆ ಶಾಲೆ ಈಗ ಸ್ಮಾರಕ. 2023ರಲ್ಲಿ ಯುನೆಸ್ಕೊ ಅದನ್ನು ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿತು. ಪಕ್ಕದ ಕ್ರೀಡಾಂಗಣ ಇಂದಿಗೂ ಪಂದ್ಯದ ದಿನ ತುಂಬಿ ತುಳುಕುತ್ತದೆ. ಎರಡರ ನಡುವೆ ಸ್ವಲ್ಪವೇ ದೂರ. ಮೆನೊಟ್ಟಿ ನಮಗೆ ಆಟವನ್ನು ಪ್ರೀತಿಸಲು ಕಲಿಸಿದ, ಅದಕ್ಕಾಗಿ ಆತನಿಗೆ ಋಣಿಯಾಗಿರೋಣ. ಆದರೆ ಮುಂದಿನ ಸಲ ಯಾರಾದರೂ ‘ನಾವು ಗೆದ್ದೆವು’ ಎಂದು ಕೂಗಿದಾಗ, ಆ ‘ನಾವು’ ಎಂಬುದರೊಳಗೆ ಯಾರಿಲ್ಲ ಎಂದು ಒಮ್ಮೆ ತಿರುಗಿ ನೋಡೋಣ.